ಬಾನೆಟ್ಟಿನೊಳಗೆ ಒಂದು ಬಕೆಟ್ ನೀರು

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಸ್ನಾನ ಮಾಡದೆ ಉಳಿದ ವಸ್ತುವೇ ಇರುತ್ತಿರಲಿಲ್ಲ. ಈಳಿಗೆಮಣೆ, ಕತ್ತರಿ, ಹೊಲಿಗೆ ಮಿಷನ್ನು, ಇಸ್ತ್ರಿ ಪೆಟ್ಟಿಗೆ, ನನ್ನ ಗಂಡನ ಟೆಸ್ಟರು, ಇಕ್ಕಳ ಎಲ್ಲವೂ ಒರೆಸಿಕೊಂಡು, ವಿಭೂತಿ ಕುಂಕುಮ ಇಡಿಸಿಕೊಂಡು, ನಡುಮನೆಯಲ್ಲಿ ಸಾಲಾಗಿ ಕೂರುತ್ತಿದ್ದವು. ಕೊನೆಯ ಸರದಿ ಕಾರಿನದು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲಿ ಕಾರು ಇದ್ದದ್ದು ಎರಡೇ ಮನೆಯಲ್ಲಿ. ನಮ್ಮದು ಮಾವ ನಿವೃತ್ತಿಯಾದ ಮೇಲೆ ಕೊಂಡ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿ. ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ಮಾತ್ರ ಚಿಕ್ಕದು.

ಆ ಕಾರು ಓಡಿಸುವುದನ್ನು ನನಗೆ ಕಲಿಸಿದವರು ಮಾವನೇ. ಭಾನುವಾರ ಬೆಳಿಗ್ಗೆ ಗೋಕುಲಂ ಕಡೆಯ ಖಾಲಿ ರಸ್ತೆಗಳಲ್ಲಿ ಪಕ್ಕದಲ್ಲಿ ಕೂತು, ಕ್ಲಚ್ಚು ಬಿಟ್ಟಾಗಲೆಲ್ಲ ಡ್ಯಾಶ್‌ಬೋರ್ಡು ಹಿಡಿದುಕೊಂಡು, ಒಂದು ದಿನವೂ ಗದರದೆ ಕಲಿಸಿದರು. ನನ್ನ ಗಂಡನಿಗೆ ಗಾಡಿಯ ಹುಚ್ಚಿಲ್ಲ. ಅತ್ತೆಗೆ ಮಾತ್ರ ಸೊಸೆ ಕಾರು ಓಡಿಸುವುದು ಒಂದಿಷ್ಟೂ ಹಿಡಿಸಿರಲಿಲ್ಲ. ‘ಎಲ್ಲಾದ್ರೂ ತಗುಲಿಸಿಕೊಂಡು ಬರ್ತಾಳೆ, ನೋಡ್ತಿರಿ’ ಎಂದು ಕಾಯುತ್ತಿದ್ದರು. ನಾನೂ ಹುಟ್ಟಾ ಮೊಂಡಿ. ಅವರು ಕಾಯುವುದು ವ್ಯರ್ಥವಾಗಲಿ ಎಂದೇ ಒಂದು ಗೀರು ಬೀಳದ ಹಾಗೆ ನಾಲ್ಕು ವರ್ಷ ಓಡಿಸಿದ್ದೆ. ಬಂದವರಿಗೆಲ್ಲ ಮಾವ ‘ಗಾಡಿ ನೋಡ್ಕೊಳ್ಳೋದ್ರಲ್ಲಿ ಮಗನಿಗಿಂತ ಸೊಸೇನೇ ವಾಸಿ’ ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ನನಗೆ ಊಟ ಒಂದು ತುತ್ತು ಜಾಸ್ತಿಯೇ ಸೇರುತ್ತಿತ್ತು.

ಮಾವ ಹಾಕಿದ್ದ ನಿಯಮ ಒಂದೇ. “ಬಾನೆಟ್ ಒಳಗೆ ನೀರು ತೋರಿಸಬೇಡ ಕಣಮ್ಮ. ಒಣ ಬಟ್ಟೇಲಿ ಒರೆಸು, ಸಾಕು.”

ಆ ವರ್ಷ ಆಯುಧಪೂಜೆಯ ಬೆಳಿಗ್ಗೆ ಎಂಟು ಗಂಟೆಗೆ ಕಾರು ತೊಳೆಯಲು ನಿಂತೆ. ಮಾವ ಬಾಳೆಕಂದು, ಬೂದುಗುಂಬಳ ತರಲು ಮಾರುಕಟ್ಟೆಗೆ ಹೋಗಿದ್ದರು, ನನ್ನ ಗಂಡ ದಸರಾ ಡ್ಯೂಟಿಗೆ ಹೋದವರು ರಾತ್ರಿಯೇ ಬರುವುದಿತ್ತು. ಮೈಯೆಲ್ಲ ತೊಳೆದಾದ ಮೇಲೆ ಬಾನೆಟ್ ಎತ್ತಿದೆ. ಒಳಗೆ ಎಂಜಿನ್ನಿನ ಮೇಲೆ ವರ್ಷದ ಧೂಳು, ಎಣ್ಣೆ ಸೇರಿ ಕರಿ ಪೊರೆ ಕಟ್ಟಿತ್ತು. ಒಣ ಬಟ್ಟೆಗೆ ಅದು ಜಗ್ಗಲಿಲ್ಲ. ಮನೆಯಲ್ಲಿರುವ ಸೂಜಿಗೂ ಮೈ ತೊಳೆಸಿ, ಎಲ್ಲಕ್ಕಿಂತ ಹೆಚ್ಚು ದುಡಿಯುವ ಈ ಎಂಜಿನ್ನಿಗೆ ಕೊಳಕಿನ ಮೇಲೇ ಕುಂಕುಮ ಇಡುವುದು ನನಗೆ ಸರಿಕಾಣಲಿಲ್ಲ. ಸೋಪಿನ ಪುಡಿ ಹಾಕಿ ಬ್ರಷ್ಷಿನಲ್ಲಿ ಉಜ್ಜಿದೆ. ನೊರೆ ಹೋಗಲೆಂದು ಒಂದು ಬಕೆಟ್ ನೀರನ್ನು ಚೊಂಬು ಚೊಂಬಾಗಿ ಹುಯ್ದೆ. ಆಮೇಲೆ ಒರೆಸಿ, ಬಾನೆಟ್ ಮುಚ್ಚಿದೆ. ಮಾವ ಬಂದು ಎತ್ತಿ ನೋಡಿ, “ಪರವಾಗಿಲ್ವೇ, ಫಳಫಳ ಅಂತಿದೆ. ಒಣ ಬಟ್ಟೇಲಿ ಇಷ್ಟು ಹೋಯ್ತೇನಮ್ಮ?” ಎಂದರು. “ಹೂಂ ಮಾವ, ಕೈ ಬಿದ್ದೋಯ್ತು” ಎಂದೆ. ಅದು ಮೊದಲನೆಯ ಸುಳ್ಳು. ಹಬ್ಬದ ದಿನದ ಚಿಕ್ಕ ಸುಳ್ಳು ಅಂದುಕೊಂಡೆ.

ಪೂಜೆ ಮುಗಿಯುವ ಹೊತ್ತಿಗೆ ಹನ್ನೊಂದೂವರೆ. ಕಾರಿಗೆ ಹಾರ ಹಾಕಿ, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ನಾಲ್ಕು ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದೆವು. ಇನ್ನೇನು ಗಾಡಿ ಮುಂದಕ್ಕೆ ಬಿಟ್ಟು ಹಣ್ಣು ತುಳಿಸಬೇಕು, ಒಳಗೆ ಫೋನು ಬಡಿದುಕೊಂಡಿತು. ಹೆಗ್ಗಡದೇವನಕೋಟೆಯಿಂದ ಎಂಟು ಮೈಲಿ ಒಳಗಿರುವ ನನ್ನ ದೊಡ್ಡಮ್ಮನ ಊರಿನಿಂದ, ಅಲ್ಲಿನ ಅಂಗಡಿಯವರು ಮಾಡಿದ್ದು. ದೊಡ್ಡಮ್ಮ ಬೆಳಿಗ್ಗೆ ಒಂಬತ್ತಕ್ಕೆ ಹೋಗಿಬಿಟ್ಟಿದ್ದರು. ಮಧ್ಯಾಹ್ನ ಮೂರಕ್ಕೆ ಮಣ್ಣು ಮಾಡುತ್ತಾರಂತೆ.

ದೊಡ್ಡಮ್ಮ ಎಂದರೆ ನನಗೆ ಅಮ್ಮನ ಅಕ್ಕ ಮಾತ್ರವಲ್ಲ. ತಮ್ಮ ಹುಟ್ಟಿದಾಗ ಅಮ್ಮ ಹಾಸಿಗೆ ಹಿಡಿದಿದ್ದರಿಂದ ಮೂರು ವರ್ಷದ ನನ್ನನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟರು. ಏಳನೇ ಕ್ಲಾಸು ಮುಗಿಯುವವರೆಗೂ ಅಲ್ಲೇ ಬೆಳೆದೆ. ಅವರಿಗೆ ಮಕ್ಕಳಿರಲಿಲ್ಲ. ತಲೆ ಬಾಚುವಾಗ ಅಲ್ಲಾಡಿದರೆ ಬಾಚಣಿಗೆಯಲ್ಲೇ ಬುರುಡೆಗೆ ಕುಟ್ಟುತ್ತಿದ್ದರು, ಜ್ವರ ಬಂದರೆ ಎರಡು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ನನಗೆ ಹೇನು ಹೆಕ್ಕಿದವರು, ಕಾಗುಣಿತ ತಿದ್ದಿಸಿದವರು, ಉಣ್ಣುವುದಕ್ಕೆ ಕಲಿಸಿದವರು ಅವರೇ. ಆ ಮುಖವನ್ನು ಮಣ್ಣು ಮುಚ್ಚುವ ಮೊದಲು ಒಂದು ಸಲ ನೋಡಬೇಕಿತ್ತು, ಅಷ್ಟೇ. ಬೇರೇನೂ ಬೇಕಿರಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು, “ಈಗ ತಾನೇ ಪೂಜೆಯಾದ ಗಾಡಿ. ಮೊದಲು ಓಡೋದೇ ಸಾವಿನ ಮನೆಗಾ?” ಎಂದರು.

“ಲಿಂಗ ಕಟ್ಟಿರೋ ನಮಗೆಂಥ ಸೂತಕನೇ? ಮಠಕ್ಕೆ ಹೋದಾಗಲೆಲ್ಲ ಸ್ವಾಮಿಗಳು ಹೇಳೋದು ಇದನ್ನೇ ತಾನೇ? ಹತ್ತಮ್ಮ, ನಾನೂ ಬರ್ತೀನಿ” ಎಂದರು ಮಾವ. ಊರಿಗೆ ನೇರ ಬಸ್ಸೊಂದು ಹನ್ನೆರಡೂ ಕಾಲಿಗಿತ್ತು. ಅದಾದರೆ ಮತ್ತೆ ಸಂಜೆಗೇ. “ಬಸ್ಸು ಯಾಕೆ, ಕಾರು ಇಲ್ವಾ. ಎರಡು ಗಂಟೇಲಿ ಅಲ್ಲಿರ್ತೀವಿ” ಎಂದು ಮಾವನೇ ಆ ಅಂಗಡಿಯವರಿಗೆ ತಿರುಗಿ ಫೋನು ಮಾಡಿ ಹೇಳಿದರು.

ಕೀಲಿ ತಿರುಗಿಸಿದೆ. ಸೆಲ್ಫ್ ಜೋರಾಗಿಯೇ ತಿರುಗಿತು, ಎಂಜಿನ್ ಹೊತ್ತಿಕೊಳ್ಳಲಿಲ್ಲ. ಚೋಕ್ ಎಳೆದೆ. ಇಲ್ಲ. ಮತ್ತೆ ತಿರುಗಿಸಿದೆ. ಇಲ್ಲ. ಯಾಕೆ ಹೊತ್ತಿಕೊಳ್ಳುತ್ತಿಲ್ಲ ಎಂಬುದು ನನಗೆ ಆ ಮೊದಲ ನಿಮಿಷದಲ್ಲೇ ಗೊತ್ತಾಗಿತ್ತು. ಯಾವ ಭಾಗಕ್ಕೆ ಏನಾಗಿದೆ ಎಂದು ಹೇಳುವಷ್ಟು ವಿದ್ಯೆ ನನಗಿಲ್ಲ. ಆದರೆ ಬೆಳಿಗ್ಗೆ ಹುಯ್ದ ನೀರು ಒಳಗೆಲ್ಲೋ ಕೂತಿದೆ ಎಂಬುದು ಖಚಿತವಾಗಿತ್ತು.

ಆಗಲೇ ಹೇಳಿಬಿಡಬಹುದಿತ್ತು. ಮಾವ ಬೈಯುವವರಲ್ಲ. ಅತ್ತೆ ಮೂರಡಿ ದೂರದಲ್ಲಿ ನಿಂತು ಚಕ್ರದಡಿ ಹಾಗೇ ಉಳಿದ ನಿಂಬೆಹಣ್ಣು ನೋಡುತ್ತಿದ್ದರು. ‘ನಾನು ಹೇಳ್ಲಿಲ್ವಾ’ ಎನ್ನುವ ಮಾತು ಅವರ ಬಾಯಲ್ಲಿ ಸಿದ್ಧವಾಗಿದೆ ಎಂದು ನನಗೆ ಅನ್ನಿಸಿತು. ಇನ್ನೊಂದೆರಡು ಸಲ ತಿರುಗಿಸಿದರೆ ಬಿಸಿಗೆ ತಾನೇ ಒಣಗೀತು ಎಂದುಕೊಂಡೆ. ದೊಡ್ಡಮ್ಮ ಅಲ್ಲಿ ಹೆಣವಾಗಿ ಕೂತಿರುವಾಗ ನಾನಿಲ್ಲಿ ಮಾನ ಉಳಿಸಿಕೊಳ್ಳುವ ಯೋಚನೆಯಲ್ಲಿದ್ದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮಾವ ತಮಗೆ ಗೊತ್ತಿದ್ದಷ್ಟು ನೋಡಿದರು. ಹಾರ್ನ್ ಒತ್ತಿಸಿದರು. ಬೀದಿಯೇ ಕೇಳುವಂತೆ ಕೂಗಿತು. “ಬ್ಯಾಟರಿ ಸರಿಯಾಗಿದೆ.” ಟ್ಯಾಂಕಿನ ಮುಚ್ಚಳ ತೆಗೆದು ಕಾರು ಅಲ್ಲಾಡಿಸಿ, ಕಿವಿಗೊಟ್ಟು ಕೇಳಿದರು. “ಪೆಟ್ರೋಲೂ ಇದೆ.” ಎದುರುಮನೆಯವರು, ಪಕ್ಕದ ಮನೆಯವರು ಹೊಸ ಬಟ್ಟೆಯಲ್ಲೇ ಬಂದು ತಳ್ಳಿದರು. ಬೀದಿಯ ಇಳಿಜಾರಿನಲ್ಲಿ ಎರಡು ಸಲ ತಳ್ಳಿದರೂ ಗಾಡಿ ಕುಲುಕಿ ಕುಲುಕಿ ನಿಂತಿತು. ನಿಂಬೆಹಣ್ಣು ತುಳಿದದ್ದೊಂದೇ ಲಾಭ. ತಳ್ಳುವವರ ಕುತ್ತಿಗೆಯ ಬೆವರು ಕನ್ನಡಿಯಲ್ಲಿ ಕಾಣುತ್ತಿತ್ತು. ನಾನು ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತ ಕೂತಿದ್ದೆ. ಅಷ್ಟರಲ್ಲಿ ಹನ್ನೆರಡೂವರೆ ಆಯಿತು, ಬಸ್ಸೂ ಹೋಯಿತು.

ಬೀದಿಯ ಇನ್ನೊಂದು ಕಾರಿನವರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಮಾವ ಟ್ಯಾಕ್ಸಿ ಕೇಳೋಣವೆಂದು ಒಳಗೆ ಹೋಗಿ ಮೂರು ಕಡೆ ಫೋನು ಮಾಡಿದರು. ಮೂರು ಕಡೆಯೂ ಹೆಚ್ಚುಕಡಿಮೆ ಒಂದೇ ಮಾತು: ಬೇರೆ ಎಲ್ಲಿಗೆ ಕರೆದರೂ ಬರುತ್ತೇವೆ ಸಾರ್, ಹಾರ ಹಾಕಿದ ಗಾಡಿಗೆ ಮೊದಲ ಬಾಡಿಗೆಯೇ ಸಾವಿನ ಮನೆಯದು ಬೇಡ. ತಪ್ಪು ತಿಳಿಯಬೇಡಿ. ಮಾವ ತಪ್ಪು ತಿಳಿಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಬೀದಿಯಲ್ಲಿದ್ದ ಮೆಕ್ಯಾನಿಕ್ಕನ ಮನೆಗೆ ಹೊರಟರು.

ಆತ ನಮ್ಮ ಗಾಡಿಯನ್ನು ಹತ್ತು ವರ್ಷದಿಂದ ಬಲ್ಲವನು, ಹಿಂದಿನ ಯಜಮಾನರ ಕಾಲದಿಂದಲೂ. ಐವತ್ತರ ಆಸುಪಾಸು, ಮಾತು ಕಡಿಮೆ. ಬಿಳಿ ಪಂಚೆ, ಬಿಳಿ ಅಂಗಿ, ಹಣೆಯಲ್ಲಿ ಉದ್ದನೆಯ ಕುಂಕುಮ ಇಟ್ಟುಕೊಂಡು ಬಂದವನನ್ನು ನಾನು ಗುರುತು ಹಿಡಿಯುವುದಕ್ಕೇ ಒಂದು ಗಳಿಗೆ ಬೇಕಾಯಿತು. ಕೈಯಲ್ಲಿ ಸಲಕರಣೆಯ ಚೀಲವಿರಲಿಲ್ಲ.

“ಸಾಮಾನೆಲ್ಲ ಪೂಜೆಗಿಟ್ಬುಟ್ಟಿದ್ದೀನಿ ಕಣಮ್ಮ. ನಾಳೆ ಬೆಳಿಗ್ಗೆ ಮತ್ತೆ ಪೂಜೆ ಆಗಗಂಟ ಒಂದು ಸ್ಪ್ಯಾನರ್ ಮುಟ್ಟಂಗಿಲ್ಲ. ನಮ್ಮಪ್ಪನ ಕಾಲದಿಂದ ಹಂಗೇ ನಡ್ಕೊಂಡು ಬಂದಿದೆ” ಎಂದ. ನನ್ನ ಮುಖ ನೋಡಿ, “ಕೈ ಪೂಜೆಗಿಟ್ಟಿಲ್ವಲ್ಲ, ಬುಡಿ, ನೋಡುವ” ಎನ್ನುತ್ತ ಪಂಚೆ ಎತ್ತಿ ಕಟ್ಟಿದ.

ಬಾನೆಟ್ ಎತ್ತಿ, ಕೈ ಕಟ್ಟಿ ನಿಂತು, ಸೆಲ್ಫ್ ಹೊಡೆಯಲು ಹೇಳಿದ. ಕಣ್ಣು ಮುಚ್ಚಿ ಕೇಳಿಸಿಕೊಂಡ. “ಎಂಜಿನ್ನಿಗೆ ಬೇಕಾಗಿರೋದು ಮೂರು. ಗಾಳಿ, ಪೆಟ್ರೋಲು, ಬೆಂಕಿ.” ಬಗ್ಗಿ ಮೂಸಿದ. “ಪೆಟ್ರೋಲು ಬರ್ತಾ ಇದೆ, ಜಾಸ್ತೀನೇ ಬಂದದೆ.” ಪ್ಲಗ್ಗಿನ ವೈರೊಂದನ್ನು ಬರಿಗೈಯಲ್ಲೇ ಎಳೆದು, ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿದ. “ಹೊಡೀರಮ್ಮ.” ಹೊಡೆದೆ. ಚಿಟ್ ಎಂದು ನೀಲಿ ಕಿಡಿ ಹಾರಬೇಕಿತ್ತು. ಏನೂ ಹಾರಲಿಲ್ಲ. “ಬೆಂಕಿ ಇಲ್ಲ” ಎಂದ.

ಆಮೇಲೆ ಸೊಂಟ ನೆಟ್ಟಗೆ ಮಾಡಿ ಕೇಳಿದ: “ಒಳಗೆ ನೀರು ಗೀರು ಏನಾದ್ರೂ ಬಿತ್ತೇನ್ರಮ್ಮ?”

ಮಾವ ನನ್ನ ಕಡೆ ನೋಡಲೇ ಇಲ್ಲ. “ಸೊಸೆ ಒಣ ಬಟ್ಟೇಲೇ ಒರೆಸಿರೋದು” ಎಂದುಬಿಟ್ಟರು. ಆತ ನನ್ನನ್ನೇ ನೋಡುತ್ತಿದ್ದ. ಅತ್ತೆಯೂ ನೋಡುತ್ತಿದ್ದರು.

“ಇಲ್ಲ” ಎಂದೆ. “ಒರೆಸಿದ್ದು ಅಷ್ಟೇ.”

ಆತ ನಂಬಿದ. ನಂಬದಿರುವುದಕ್ಕೆ ಕಾರಣವೂ ಇರಲಿಲ್ಲ. ಬೆರಳು ಮಡಿಸಿ ಲೆಕ್ಕ ಹಾಕಿದ. ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಹೊಸದು, ಎರಡು ತಿಂಗಳ ಹಿಂದೆ ತಾನೇ ಹಾಕಿದ್ದು, ನೀರು ಬೀಳದಿದ್ದರೆ ಅದಕ್ಕೇನೂ ಆಗುವುದಿಲ್ಲ. ಉಳಿದದ್ದು ಕಿಡಿ ಹುಟ್ಟಿಸುವ ಕಾಯಿಲ್. ಅದು ಹೋದ ಬೇಸಿಗೆಯಲ್ಲಿ ಎರಡು ಸಲ ಕೈಕೊಟ್ಟಿತ್ತು. “ಕಾಯಿಲ್ಲೇ ಹೋಗದೆ. ಅಂಗಡಿ ಒಂದೂ ತೆಗೆದಿರಲ್ಲ. ನಮ್ಮ ಸ್ನೇಹಿತನ ಗ್ಯಾರೇಜಲ್ಲಿ ಹಳೇದೊಂದು ಇರಬೇಕು, ತರ್ತೀನಿ” ಎಂದು ಮಾವನ ಸೈಕಲ್ ತೆಗೆದುಕೊಂಡು ಹೊರಟ. ಆಗ ಒಂದೂ ಕಾಲು.

ಅವನು ಹೋದ ಮೇಲೆ ನಾನು ಕಾರಿನ ಮುಂದೆ ನಿಂತೇ ಇದ್ದೆ. ಬಾನೆಟ್ ತೆರೆದೇ ಇತ್ತು. ನಾಲ್ಕು ವೈರು ಸೇರುವ ಆ ಕಪ್ಪು ಮುಚ್ಚಳ ಕಣ್ಣೆದುರೇ ಇತ್ತು, ಬೆಳಿಗ್ಗೆ ಬ್ರಷ್ಷಿನಲ್ಲಿ ಅದನ್ನೂ ಉಜ್ಜಿದ್ದೆ. ತೆಗೆದು ಒರೆಸೋಣವೆಂದು ಕೈ ಚಾಚಿದೆ. ಹೇಗೆ ತೆಗೆಯಬೇಕೋ ತಿಳಿಯಲಿಲ್ಲ, ಮುರಿದರೆ ಗತಿಯೇನು ಎಂದು ಹಿಂದಕ್ಕೆ ಎಳೆದುಕೊಂಡೆ. ಅಲ್ಲಿ ಇಷ್ಟು ಹೊತ್ತಿಗೆ ದೊಡ್ಡಮ್ಮನಿಗೆ ಸ್ನಾನ ಮಾಡಿಸಿರುತ್ತಾರೆ. ಕೂರಿಸಿ, ಸೀರೆ ಉಡಿಸಿ, ಹಣೆತುಂಬ ವಿಭೂತಿ ಬಳಿದಿರುತ್ತಾರೆ. ನಾನು ಬರುತ್ತೇನೆಂದು ಯಾರೋ ದಾರಿ ನೋಡುತ್ತಿರುತ್ತಾರೆ. ಅತ್ತೆ ಹಿಂದಿನಿಂದ ಬಂದು, “ಬಾ, ಎರಡು ತುತ್ತು ತಿನ್ನು. ಬೆಳಿಗ್ಗೆಯಿಂದ ಖಾಲಿ ಹೊಟ್ಟೇಲಿದ್ದೀಯ” ಎಂದು ತೋಳು ಹಿಡಿದರು. ಅವರು ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು. ಬೇಡ ಎಂದು ತಲೆಯಾಡಿಸಿದೆ.

ಆತ ಬಂದದ್ದು ಎರಡು ಗಂಟೆಗೆ. ಒಂದು ಕೈಯಲ್ಲಿ ಧೂಳು ಹಿಡಿದ ಕಾಯಿಲ್. ಇನ್ನೊಂದು ಕೈಯಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಸ್ಪ್ಯಾನರ್. ಎರಡರ ಹಿಡಿಗೂ ಹಚ್ಚಿದ್ದ ಗಂಧ, ಕುಂಕುಮ ಹಾಗೇ ಇದ್ದವು.

ಮಾವ ಅದನ್ನು ನೋಡಿ, “ಅಯ್ಯೋ, ಪೂಜೆಯಿಂದ ಎತ್ಕೊಂಡು ಬಂದ್ಬುಟ್ಯಾ?” ಎಂದರು.

“ಏನ್ ಮಾಡದು ಸಾರ್. ಕಾಯಿಲ್ ಬಿಚ್ಚಕ್ಕೆ ಕೈ ಸಾಲಲ್ಲ. ಮನೇಲಿ ಹೆಂಡ್ತಿ ಬ್ಯಾಡ ಅಂದ್ಲು. ಹೆತ್ತಮ್ಮನಂಗೆ ಸಾಕಿದೋರಂತೆ, ಮುಖ ನೋಡಬೇಕಂತೆ, ದೇವರು ಅಷ್ಟು ಕ್ಷಮಿಸಲ್ವಾ ಅಂದೆ.” ಹಾಗೆನ್ನುತ್ತ ಸಲಕರಣೆಗಳನ್ನು ಕಣ್ಣಿಗೊತ್ತಿಕೊಂಡು, ಎರಡೂ ಕೆನ್ನೆ ಮೆಲ್ಲಗೆ ತಟ್ಟಿಕೊಂಡು, ಎಂಜಿನ್ನಿನ ಕಡೆ ಬಗ್ಗಿದ.

ಆಗ ನನ್ನಿಂದ ತಡೆಯಲಾಗಲಿಲ್ಲ. “ನೀರು ಹಾಕಿದ್ದೆ” ಎಂದೆ.

ಯಾರಿಗೂ ಕೇಳಿಸಲಿಲ್ಲ ಎನಿಸಿ ಮತ್ತೆ ಹೇಳಿದೆ. “ಬೆಳಿಗ್ಗೆ ನಾನೇ ಒಂದು ಬಕೆಟ್ ನೀರು ಹುಯ್ದೆ. ಬ್ರಷ್ಷಿನಲ್ಲಿ ಉಜ್ಜಿದೆ. ಸುಳ್ಳು ಹೇಳಿದೆ.”

ಆತ ಬಗ್ಗಿದ್ದವನು ಹಾಗೇ ನಿಂತ. ಸ್ಪ್ಯಾನರು, ಸ್ಕ್ರೂಡ್ರೈವರು ಎರಡನ್ನೂ ಅಂಗಿಯ ತುದಿಯಿಂದ ಒರೆಸಿ ಜೇಬಿಗೆ ಇಳಿಸಿದ. ಆಮೇಲೆ ಆ ಕಪ್ಪು ಮುಚ್ಚಳದ ಎರಡೂ ಪಕ್ಕ ಹೆಬ್ಬೆರಳು ಇಟ್ಟು ಒತ್ತಿದ. ಎರಡು ಕ್ಲಿಪ್ಪು ಟಕ್ ಟಕ್ ಎಂದು ಬಿಚ್ಚಿಕೊಂಡವು. ಮುಚ್ಚಳ ಎತ್ತಿ ಬೆಳಕಿಗೆ ಹಿಡಿದ. ಒಳಗೆಲ್ಲ ಸಣ್ಣ ಸಣ್ಣ ನೀರಿನ ಹನಿ. ತೆಗೆಯಲು ಸಲಕರಣೆಯೇ ಬೇಕಿರಲಿಲ್ಲ. ಒಂದು ಗಂಟೆಗೇ, ಬರಿಗೈಯಲ್ಲೇ, ಎರಡು ನಿಮಿಷದಲ್ಲಿ ಅವನು ಇದನ್ನು ನೋಡಿರುತ್ತಿದ್ದ. ನಾನು ‘ಇಲ್ಲ’ ಎನ್ನದಿದ್ದರೆ.

“ಒಂದು ಒಣ ಬಟ್ಟೆ ಕೊಡಿ” ಎಂದಷ್ಟೇ ಹೇಳಿದ.

ಮಾವ ಕನ್ನಡಕ ತೆಗೆದು ಒರೆಸುತ್ತ ನಿಂತರು. ಅತ್ತೆ ಒಳಗೆ ಹೋದರು. ಈಗ ಬಂತು ಎಂದು ನಾನು ಹಲ್ಲು ಕಚ್ಚಿ ಕಾದೆ. ಅವರು ತಮ್ಮದೊಂದು ಮೆತ್ತಗಿನ ಹಳೆಯ ಸೀರೆಯನ್ನು ಚರ್ರನೆ ಹರಿದು, ತುಂಡನ್ನು ತವದ ಮೇಲೆ ಬೆಚ್ಚಗೆ ಮಾಡಿ ತಂದು ಅವನ ಕೈಗೆ ಕೊಟ್ಟರು. ನಾನು ಹೆದರಿ ಸುಳ್ಳು ಹೇಳಿದ್ದು ಇವರ ಬಾಯಿಗೆ. ಮುಚ್ಚಳ ಒಣಗಿ, ವೈರುಗಳು ಒಣಗಿ, ಜಾಗಕ್ಕೆ ಕೂತವು. ಅಷ್ಟು ಹೊತ್ತು ನಾನು ಸೆಲ್ಫ್ ಹೊಡೆದದ್ದಕ್ಕೆ ಬ್ಯಾಟರಿ ಸೋತಿತ್ತು. ಅದೇ ನೆರೆಯವರು ಮತ್ತೆ ಬಂದು ತಳ್ಳಿದರು. ಆತ ಕಿಟಕಿಯ ಪಕ್ಕ ಓಡುತ್ತ, “ಆಕ್ಸಿಲೇಟ್ರು ಪೂರ್ತಿ ತುಳೀರಿ, ಎರಡನೇ ಗೇರು, ಈಗ ಬುಡಿ ಕ್ಲಚ್ಚು” ಎಂದ. ಗಾಡಿ ಕೆಮ್ಮಿ, ಕರಿ ಹೊಗೆ ಕಕ್ಕಿ, ಹೊತ್ತಿಕೊಂಡಿತು. ಆಗ ಎರಡೂ ಇಪ್ಪತ್ತು. ತಡವಾಯಿತೆಂದು ಹೇಳಲು ಮಾವ ಮಾಡಿದ್ದ ಫೋನನ್ನು ಅಂಗಡಿಯಲ್ಲಿ ಯಾರೂ ಎತ್ತಿರಲಿಲ್ಲ.

ದಾರಿಯುದ್ದ ಎಂಜಿನ್ನಿನ ಸದ್ದಿಗೇ ಕಿವಿ ಅಂಟಿಸಿಕೊಂಡು ಓಡಿಸಿದೆ. ಎಲ್ಲಿ ನಿಂತುಬಿಡುತ್ತದೋ ಎಂಬ ಭಯಕ್ಕೆ ರೈಲ್ವೆ ಗೇಟಿನ ಮುಂದೆ, ಹಸುಗಳ ಮುಂದೆ, ಎಲ್ಲೂ ಎಂಜಿನ್ನಿನ ಸದ್ದು ಇಳಿಯಲು ಬಿಡಲಿಲ್ಲ. ಎದುರಿಗೆ ಬಂದ ಲಾರಿ, ಬಸ್ಸು, ಟ್ರ್ಯಾಕ್ಟರುಗಳೆಲ್ಲ ಬಾಳೆಕಂದು ಕಟ್ಟಿಕೊಂಡು ಹಬ್ಬ ಮಾಡುತ್ತಿದ್ದವು. ನಮ್ಮ ಹಾರವನ್ನು ಊರ ಹೊರಗೆ ಮಾವ ಇಳಿದು ಬಿಚ್ಚಿಟ್ಟಿದ್ದರು. ಹೆಗ್ಗಡದೇವನಕೋಟೆ ದಾಟಿದ ಮೇಲೆ, “ನನ್ನೊಬ್ಬನಿಗೆ ಮೆಲ್ಲಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಮ್ಮ” ಎಂದರು. ಕೋಪವಿರಲಿಲ್ಲ ಅದರಲ್ಲಿ. ಒಳರಸ್ತೆಯ ಹಳ್ಳಗಳಲ್ಲಿ ಕಾರಿನ ತಳ ಬಡಿಯುತ್ತಿತ್ತು, ನಾನು ನಿಧಾನ ಮಾಡಲಿಲ್ಲ. ಮೂರು ಗಂಟೆಯೆಂದರೆ ನಾಲ್ಕು, ಹಳ್ಳಿಯಲ್ಲಿ ಯಾವುದು ತಾನೇ ಹೊತ್ತಿಗೆ ಸರಿಯಾಗಿ ನಡೆಯುತ್ತದೆ, ಇನ್ನೂ ಇಟ್ಟುಕೊಂಡಿರುತ್ತಾರೆ, ಇಟ್ಟುಕೊಂಡೇ ಇರುತ್ತಾರೆ ಎಂದು ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ.

ಊರು ತಲುಪಿದಾಗ ನಾಲ್ಕೂ ಇಪ್ಪತ್ತು. ಮನೆಯ ಮುಂದಿನ ಚಪ್ಪರದ ಕೆಳಗೆ ಹೆಂಗಸರು ಅಂಗಳಕ್ಕೆ ನೀರು ಹಾಕಿ ಗುಡಿಸುತ್ತಿದ್ದರು. ನನ್ನನ್ನು ಕಂಡು ಒಬ್ಬಾಕೆ ಪೊರಕೆ ಕೆಳಗಿಟ್ಟು ಅಳತೊಡಗಿದಳು. ನಾನು ಹಿತ್ತಲು ದಾಟಿ ಹೊಲಕ್ಕೆ ಓಡಿದೆ. ಹಸಿ ಮಣ್ಣು ಗುಡ್ಡೆಯಾಗಿ, ಮೇಲೆ ಬಿಲ್ವಪತ್ರೆ ಚೆಲ್ಲಿತ್ತು. ಇಬ್ಬರು ಗುದ್ದಲಿ ತೊಳೆಯುತ್ತಿದ್ದರು. ದೊಡ್ಡಪ್ಪ ಪಕ್ಕದಲ್ಲಿ ಟವೆಲ್ಲು ಹಾಸಿಕೊಂಡು ಕೂತಿದ್ದರು.

ನಾನು ಅವರ ಕಾಲ ಹತ್ತಿರ ಕುಸಿದೆ. ಮಣ್ಣು ಇನ್ನೂ ಒದ್ದೆಯಾಗಿತ್ತು. ಕೈಯಲ್ಲೇ ತೋಡಿಬಿಡಬೇಕು ಎನ್ನಿಸಿತು, ಅಷ್ಟು ಮೇಲೇ ಇದ್ದಾರೆ ಎನ್ನುವ ಹಾಗೆ. ದೊಡ್ಡಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು.

“ಮೂರಕ್ಕೆ ಅಂತಿತ್ತು ಕಣವ್ವ. ಕಾರಲ್ಲಿ ಬತ್ತಾವ್ಳೆ ಅಂತ ನಿಮ್ಮಾವ್ನೋರು ಫೋನಲ್ಲಿ ಹೇಳಿದ್ರಲ್ಲ, ಅದಕ್ಕೆ ನಾನೇ ತಡೆದೆ. ಅವಳು ಬರಗಂಟ ಯಾರೂ ಎತ್ತಬ್ಯಾಡಿ ಅಂದೆ. ಒಂದು ಗಂಟೆ ಕಾದ್ವಿ. ಕ್ರಿಯೆ ಮಾಡ್ಸೋ ಅಯ್ನೋರಿಗೆ ಬೇರೆ ಊರಿಗೆ ಹೋಗದಿತ್ತು, ಇನ್ನ ಇಟ್ಕಳಕ್ಕಾಗ್ನಿಲ್ಲ.”

ಕಾಯಿಲ್ ಹುಡುಕಲು ಹೋದ ಮುಕ್ಕಾಲು ಗಂಟೆ ಉಳಿದಿದ್ದರೆ ಅವರು ಕಾಯುತ್ತಿದ್ದ ಹೊತ್ತಿಗೇ ನಾನಿಲ್ಲಿರುತ್ತಿದ್ದೆ. ಮಾವ ನನ್ನ ಹಿಂದೆಯೇ ನಿಂತಿದ್ದರು. ಅವರಿಗೂ ಆ ಲೆಕ್ಕ ಗೊತ್ತಿತ್ತು.

“ಕಾರು ಕೆಟ್ಟೋಯ್ತೇನೋ ಅಂದ್ಕಂಡ್ವಿ” ಎಂದರು ದೊಡ್ಡಪ್ಪ. “ಮಿಷಿನ್ನು, ಕೆಟ್ರೆ ಏನ್ ಮಾಡಕಾಯ್ತದೆ. ಅಳಬ್ಯಾಡ ಮಗ, ನಿಂದೇನ್ ತಪ್ಪದೆ ಇದ್ರಲ್ಲಿ?”

ನಾನು ಮಾವನ ಮುಖ ನೋಡಿದೆ. ಅವರು ಹೊಲದ ಕಡೆ ತಿರುಗಿಕೊಂಡರು.

“ಹೂಂ ದೊಡ್ಡಪ್ಪ, ಕಾರು ಕೆಟ್ಟೋಯ್ತು” ಎಂದೆ.